ಗುರುವಾರದ ಸಿಸ್ಟರ್ ಜೊತೆ ಡೆನ್ಮಾರ್ಕಿಗೆ

ಆರ್.ಟಿ. ನಗರ, ಹೊರಡುವ ಮೊದಲು

ನಮ್ಮ ಫೂಫು ಕ್ಯಾನ್ಸರ್ ಗೆದ್ದು, ಡೆನ್ಮಾರ್ಕಿಗೆ ಹೋಗಿ, ಅಲ್ಲಿನ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿ ಬಂದರು ಅಂತ ನಮ್ಮ ಬೀದಿಯಲ್ಲಿ ಒಂದು ಕಥೆ ಓಡಾಡುತ್ತಿದೆ. ಹಬ್ಬಿಸಿದವರಲ್ಲಿ ನಮ್ಮ ಅಪ್ಪನೂ ಒಬ್ಬರು. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಒಂದೇ ವಾಕ್ಯದಲ್ಲಿ ಎರಡು ತಪ್ಪು ಕಂಡರೆ ಊಟ ಇಳಿಯೋದಿಲ್ಲ.

ಮೊದಲನೆಯದು, ಚಪ್ಪಾಳೆ ಬಿದ್ದಿದ್ದು ಫೂಫುಗಲ್ಲ. ಎರಡನೆಯದು, ಗೆದ್ದರು ಅನ್ನಬೇಕಾದರೆ ಆಟ ಮುಗಿದಿರಬೇಕು. ಮುಗಿದಿಲ್ಲ.

ಏಳು ವರ್ಷದ ಹಿಂದೆ ಅಪ್ಪನ ಅಕ್ಕ, ಅಂದರೆ ನಮ್ಮ ಶಮೀಮ್ ಫೂಫುವಿನ ಶ್ವಾಸಕೋಶದಲ್ಲಿ ಗಡ್ಡೆ ಸಿಕ್ಕಿತು. ಇಮ್ಯುನೊಥೆರಪಿ ಕೊಟ್ಟರು. ಅದು ಕ್ಯಾನ್ಸರನ್ನು ನೇರವಾಗಿ ಹೊಡೆಯುವ ಔಷಧಿಯಲ್ಲ. ಮೈಯೊಳಗಿನ ಪೊಲೀಸರನ್ನು ನಿದ್ದೆಯಿಂದ ಎಬ್ಬಿಸುವ ಔಷಧಿ. ಪೊಲೀಸರು ಎದ್ದರು, ಗಡ್ಡೆಯನ್ನು ಹಿಡಿದರು, ಮುಗಿಸಿದರು. ಆಮೇಲೆ ಠಾಣೆಗೆ ವಾಪಸ್ ಹೋಗಲಿಲ್ಲ. ಮೂತ್ರಪಿಂಡಗಳ ತಲೆಮೇಲೆ ಟೋಪಿಯಂತೆ ಕೂತ ಎರಡು ಅಡ್ರಿನಲ್ ಗ್ರಂಥಿಗಳು ಯಾರ ತಂಟೆಗೂ ಹೋಗದೆ ತಮ್ಮ ಪಾಡಿಗೆ ತಾವಿದ್ದವು. ಅವಕ್ಕೂ ಲಾಠಿ ಬಿತ್ತು. ಅಂದಿನಿಂದ ಅವು ಏಳಲೇ ಇಲ್ಲ. ಅವುಗಳ ಕೆಲಸವನ್ನು ಈಗ ಮಾತ್ರೆ ಮಾಡಬೇಕು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಜ್ವರ ಬಂದರೆ ಎರಡರಷ್ಟು. ವಾಂತಿಯಾದರೆ ಇಂಜೆಕ್ಷನ್. ತಪ್ಪಿದರೆ ಬಿಪಿ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು ಬರುತ್ತದೆ.

ಕ್ಯಾನ್ಸರ್ ಡಾಕ್ಟರ್ ಹೇಳುತ್ತಾರೆ, "ನಿಮಗೆ ಕ್ಯಾನ್ಸರ್ ಇಲ್ಲ, ಇನ್ನು ನನ್ನ ಹತ್ರ ಯಾಕೆ?" ಗ್ರಂಥಿಯ ಡಾಕ್ಟರ್ ಹೇಳುತ್ತಾರೆ, "ಇದು ಕ್ಯಾನ್ಸರ್ ಔಷಧಿಯಿಂದ ಆಗಿದ್ದು, ಅವರನ್ನೇ ಕೇಳಿ." ಹೆಬ್ಬಾಳದ ಆ ಆಸ್ಪತ್ರೆಯಲ್ಲಿ ಇಬ್ಬರ ಕೊಠಡಿಗಳ ನಡುವೆ ಒಂದು ಉದ್ದನೆಯ ಕಾರಿಡಾರ್ ಇದೆ. ಆ ಕಾರಿಡಾರಿನಲ್ಲಿ ಫೂಫುಗೆ ಸಿಕ್ಕವರು ಸಿಸ್ಟರ್ ಮುನಿರತ್ನಮ್ಮ.

ಹೆಸರಘಟ್ಟದವರು. ಅವರ ಹತ್ತಿರ ಒಂದು ಉದ್ದ ನೋಟ್‌ಬುಕ್ಕಿದೆ. ಅದರಲ್ಲಿ ಫೂಫುವಿನಂತೆ ಬದುಕಿ ಉಳಿದು, ಯಾವ ಡಾಕ್ಟರಿಗೂ ಬೇಡವಾದ ನಲವತ್ತು ಚಿಲ್ಲರೆ ಹಳಬರ ಹೆಸರುಗಳಿವೆ. ಪ್ರತಿ ಗುರುವಾರ ಎಲ್ಲರಿಗೂ ಫೋನ್. "ಹೇಗಿದ್ದೀರಾ" ಅಂತ ಕೇಳೋದೇ ಇಲ್ಲ. "ಎಂಗಿದೀರಾ ಅಂದ್ರೆ ಸಾಯೋನೂ ಚೆಂದಾಗಿದೀನಿ ಅಂತಾನೆ ಕಣಮ್ಮ," ಅಂತ ನನಗೊಮ್ಮೆ ವಿವರಿಸಿದ್ದರು. ಅವರು ಕೇಳೋದು: ಇವತ್ತು ಏನ್ ಸಾರು, ಉಪ್ಪು ಎಷ್ಟ್ ಆಕಿದ್ರಿ, ಯಾರಿಗೆ ಬೈದ್ರಿ. ಉಪ್ಪು ಜಾಸ್ತಿ ಬೇಕನಿಸಿದರೆ ಗ್ರಂಥಿಯ ತೊಂದರೆ. ಯಾರಿಗೂ ಬೈದಿಲ್ಲ ಅಂದರೆ ಮೈಯಲ್ಲಿ ಶಕ್ತಿಯಿಲ್ಲ. ನಮ್ಮ ಫೂಫು ಆರ್.ಟಿ. ನಗರದಲ್ಲಿ ಫಾಲ್ಸ್, ಲೈನಿಂಗ್, ಬಟನ್ ಅಂಗಡಿ ನಡೆಸಿದವರು. ಅವರು ಬೈಯದ ದಿನ ಇದ್ದರೆ ಅದು ನಿಜವಾಗಿಯೂ ರೋಗಲಕ್ಷಣ.

ಮಧ್ಯಾಹ್ನದ ಮಾತ್ರೆಯ ಏರ್ಪಾಡೂ ಸಿಸ್ಟರದ್ದೇ. ಮನೆ ಎದುರಿನ ಶಾಲೆಯಲ್ಲಿ ಊಟದ ಗಂಟೆ ಹೊಡೆದಾಗ ಮಾತ್ರೆ. ಶಾಲೆಗೆ ರಜೆ ಬಂದರೆ ಆ ಹೊತ್ತಿಗೆ ಸರಿಯಾಗಿ ಸಿಸ್ಟರ್ ಫೋನ್ ಒಂದು ಸಲ ರಿಂಗಾಗಿ ನಿಲ್ಲುತ್ತಿತ್ತು. ಏಪ್ರಿಲ್, ಮೇ ಪೂರ್ತಿ. ಭಾನುವಾರಗಳೂ ಸೇರಿ.

ಈ ವರ್ಷ ಆಸ್ಪತ್ರೆಯ ಹೊಸ ಮ್ಯಾನೇಜರ್ ಈ ಫೋನು ಯಾವ ವಿಭಾಗದ ಕೆಲಸ ಅಂತ ಕೇಳಿದರು. ಯಾವ ವಿಭಾಗದ್ದೂ ಅಲ್ಲ ಅಂತಾಯಿತು. ಸಿಸ್ಟರನ್ನು ಟೋಕನ್ ಕೌಂಟರಿಗೆ ಹಾಕುತ್ತೇವೆ ಅಂದರು. ಅದೇ ಸಮಯಕ್ಕೆ ಡೆನ್ಮಾರ್ಕಿನಿಂದ ಕರೆ ಬಂತು. ಇಂಥ ಹಳೇ ರೋಗಿಗಳನ್ನು ನೋಡಿಕೊಳ್ಳುವ ನರ್ಸುಗಳ ಸಭೆ. ಖರ್ಚೆಲ್ಲ ಅವರದೇ. ಪ್ರತಿ ನರ್ಸೂ ತನ್ನ ಒಬ್ಬ ರೋಗಿಯನ್ನು ಕರೆತರಬೇಕು, ಭಾಷೆ ಬಾರದಿದ್ದರೆ ಜೊತೆಗೊಬ್ಬರು.

ಯೋಜನೆ ನನ್ನದು. ಹೊರದೇಶದವರ ಕೈಯಲ್ಲಿ "ಈ ಸಿಸ್ಟರ್ ಕೆಲಸ ಬಹಳ ಮುಖ್ಯ" ಅಂತ ಒಂದು ಕಾಗದ ಬರೆಸಿಕೊಂಡು ಬಂದರೆ ಮ್ಯಾನೇಜರ್ ಬಾಯಿ ಮುಚ್ಚುತ್ತಾರೆ, ಗುರುವಾರದ ಫೋನು ಉಳಿಯುತ್ತೆ. ನಮ್ಮವರು ಹೇಳಿದರೆ ಯಾರು ಕೇಳುತ್ತಾರೆ?

"ಬ್ಯಾಲಿಸ್ಟರ್ ಹೇಳಿದ ಮೇಲೆ ಮುಗೀತು," ಅಂದರು ಫೂಫು. ಬ್ಯಾರಿಸ್ಟರ್ ಅನ್ನೋದನ್ನು ತಿರುಚಿ ನನ್ನನ್ನು ಅವರು ಕರೆಯೋದೇ ಹಾಗೆ.

ದೇವನಹಳ್ಳಿ

ವಿಮಾನ ನಿಲ್ದಾಣದಲ್ಲಿ ಫೂಫುಗೆ ಅಂತ ನಾನು ವೀಲ್‌ಚೇರ್ ಹೇಳಿದ್ದೆ. ಅದನ್ನು ಕಂಡಿದ್ದೇ ಫೂಫು, "ನಕ್ಕೋ, ಬೇಡ. ನೋಡಿದೋರು ಏನಂತಾರೆ," ಅಂತ ಒಂದು ಮಾರು ಹಿಂದೆ ಸರಿದರು. ಬಂದ ಗಾಡಿಯನ್ನು ಸುಮ್ಮನೆ ವಾಪಸ್ ಕಳಿಸೋದು ಅವರ ಅಂಗಡಿ ಬುದ್ಧಿಗೆ ಒಗ್ಗಲಿಲ್ಲ. ಸಿಸ್ಟರಿಗೆ ಮಂಡಿನೋವು. ಕೊನೆಗೆ ಸಿಸ್ಟರ್ ಕೂತರು, ಫೂಫು ತಳ್ಳಿದರು.

ತಪಾಸಣೆಯಲ್ಲಿ ಇಂಜೆಕ್ಷನ್ ಡಬ್ಬಿ ಕಂಡು ಒಬ್ಬ ಅಧಿಕಾರಿ ನಿಲ್ಲಿಸಿದರು.

"ಪೇಶೆಂಟ್ ಯಾರು?"

ಕೂತಿದ್ದ ಸಿಸ್ಟರ್ ಹಿಂದೆ ತಿರುಗಿ ಫೂಫುವನ್ನು ತೋರಿಸಿದರು.

"ಅಂದ್ರೆ ತಳ್ತಾ ಇರೋರು ಪೇಶೆಂಟು, ಕೂತಿರೋರು ನರ್ಸು?"

"ಊಂ ಸಾರ್. ಅವ್ರಿಗೆ ಗ್ರಂಥಿ ಓಗಿದೆ, ನಂಗೆ ಮಂಡಿ ಓಗಿದೆ," ಅಂದರು ಸಿಸ್ಟರ್.

"ನೀವು?" ಅಂತ ನನ್ನ ಕಡೆ ನೋಡಿದರು.

"ನಾನು ಭಾಷಾಂತರಕ್ಕೆ."

"ಇಬ್ಬರೂ ಚೆನ್ನಾಗೇ ಕನ್ನಡ ಮಾತಾಡ್ತಿದಾರಲ್ಲ."

"ಡೆನ್ಮಾರ್ಕಿನವರಿಗೆ ಬರಲ್ಲ ಸಾರ್."

ಅವರು ಡಾಕ್ಟರ ಚೀಟಿಯನ್ನು ಓದಿ, ನಮ್ಮ ಮೂವರನ್ನೂ ಇನ್ನೊಮ್ಮೆ ನೋಡಿ, ಯಾವುದೋ ದೊಡ್ಡ ಯೋಚನೆ ಕೈಬಿಟ್ಟವರಂತೆ ದಾರಿ ಬಿಟ್ಟರು.

ಮೊದಲ ದಿನ: ಹೊರಗಿಟ್ಟ ಮಗು

ಅದು ಕಡಲತೀರದ ಒಂದು ಸಣ್ಣ ಊರು. ಅಲ್ಲಿ ಸದ್ದು ಅನ್ನೋದು ಗಾಳಿಯದ್ದು ಮಾತ್ರ. ಹಾರ್ನ್ ಇಲ್ಲ, ತಳ್ಳುಗಾಡಿಯವರ ಕೂಗಿಲ್ಲ. ಫೂಫು ಕಿಟಕಿಯಲ್ಲಿ ನಿಂತು ಬಹಳ ಹೊತ್ತು ಕೇಳಿಸಿಕೊಂಡು, "ಯಾರಾದ್ರೂ ದೊಡ್ಡೋರು ತೀರ್ಕೊಂಡಿದಾರಾ?" ಅಂದರು.

ಬೆಳಗಿನ ತಿಂಡಿಗೆ ಬೇರೆ ಬೇರೆ ದೇಶಗಳ ಹಳಬರೆಲ್ಲ ಒಂದೇ ಉದ್ದ ಮೇಜಿಗೆ ಕೂತರು. ನಮ್ಮಲ್ಲಿ ಮದುವೆಮನೆಯಲ್ಲಿ ಮಕ್ಕಳು ಏನು ಓದುತ್ತಿದ್ದಾರೆ ಅಂತ ವಿಚಾರಿಸುತ್ತಾರಲ್ಲ, ಹಾಗೆ ಅಲ್ಲಿ ನಿಮ್ಮದೇನು ಹೋಯಿತು ಅಂತ ವಿಚಾರಿಸುತ್ತಿದ್ದರು. ಒಬ್ಬ ಮುದುಕರದ್ದು ಥೈರಾಯ್ಡ್ ಹೋಗಿತ್ತು. ಒಬ್ಬಾಕೆಯ ಕೀಲುಗಳು. ಇನ್ನೊಬ್ಬರಿಗೆ ಮೇದೋಜೀರಕ ಗ್ರಂಥಿಯೇ ಕೈಕೊಟ್ಟು, ಅರವತ್ತರ ಮೇಲೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಥೈರಾಯ್ಡಿನವರಿಗೆ ಅಲ್ಲಿ ಅಷ್ಟೇನೂ ಮರ್ಯಾದೆ ಇರಲಿಲ್ಲ. ಅಡ್ರಿನಲ್ ಅಂದಾಗ ಎಲ್ಲರೂ ಚಮಚ ಕೆಳಗಿಟ್ಟು ನಮ್ಮ ಕಡೆ ತಿರುಗಿದರು. ಫೂಫು ನನ್ನ ಕಿವಿಯಲ್ಲಿ, "ನಮ್ಮದು ದೊಡ್ಡದು ಅಂತ ಕಾಣುತ್ತೆ," ಅಂದು ದುಪಟ್ಟಾ ಸರಿಮಾಡಿಕೊಂಡರು.

ನರ್ಸುಗಳ ತರಬೇತಿ, ವಸತಿ ಎರಡೂ ಊರಿನ ಇನ್ನೊಂದು ತುದಿಯಲ್ಲಿ. ಸಿಸ್ಟರ್ ಹೊರಡುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು ಮಾತ್ರೆ ಡಬ್ಬಿ ಕೊಟ್ಟರು. "ಒಂದು ಗಂಟೆಗೆ ಮಾತ್ರೆ. ನೀನೇ ಕೊಡು. ಇಲ್ಲಿ ಅವರಿಗೆ ಶಾಲೆ ಗಂಟೆ ಕೇಳ್ಸಲ್ಲ."

"ಆಯ್ತು ಸಿಸ್ಟರ್," ಅಂದೆ, ಇದೂ ಒಂದು ಕೆಲಸವೇ ಅನ್ನೋ ಹಾಗೆ.

ಹನ್ನೆರಡರ ಹೊತ್ತಿಗೆ ಫೂಫು ಮತ್ತು ನಾನು ಒಂದು ಕಾಫಿ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆವು. ಬಾಗಿಲ ಹೊರಗೆ ರಸ್ತೆಬದಿಯಲ್ಲಿ ಮಕ್ಕಳ ತಳ್ಳುಗಾಡಿ. ಒಳಗೆ ಮಗು ಮಲಗಿದೆ. ಸುತ್ತ ಒಂದು ನರಪಿಳ್ಳೆ ಇಲ್ಲ. ತಾಯಿ ಒಳಗೆ ಕಾಫಿ ಕುಡಿಯುತ್ತಿದ್ದಾಳೆ. ಅಲ್ಲಿ ಎಲ್ಲರೂ ಹೀಗೇ ಬಿಡುತ್ತಾರೆ, ತಂಪು ಗಾಳಿಗೆ ಮಗುವಿಗೆ ಒಳ್ಳೆ ನಿದ್ದೆ ಅಂತ ನಂಬಿಕೆ.

ಫೂಫು ಗಾಡಿಯ ಪಕ್ಕ ನಿಂತುಬಿಟ್ಟರು.

"ಬನ್ನಿ ಫೂಫು. ಇಲ್ಲಿ ಇದು ಪದ್ಧತಿ."

"ಪದ್ಧತಿಗೆ ಕಣ್ಣಿದೆಯಾ, ಮಗುನ ನೋಡ್ಕೊಳ್ಳೋಕೆ?"

"ಇಲ್ಲಿ ಯಾರೂ ಕದಿಯಲ್ಲ."

"ಕದಿಯೋನು ಬೋರ್ಡ್ ಹಾಕ್ಕೊಂಡು ಬರ್ತಾನಾ? ನೀನು ಬೇಕಾದ್ರೆ ಹೋಗು."

ಕಡಲ ಗಾಳಿಯಲ್ಲಿ ಮುಕ್ಕಾಲು ಗಂಟೆ, ತೆಳ್ಳನೆಯ ಶಾಲು ಹೊದ್ದು ಅವರು ಕಾವಲು ನಿಂತರು. ಕೊನೆಗೆ ತಾಯಿ ಹೊರಬಂದಳು. ತನ್ನ ಮಗುವಿನ ಮೇಲೆ ಬಗ್ಗಿದ್ದ ಅಪರಿಚಿತ ಹೆಂಗಸನ್ನು ಕಂಡು ಬೆಚ್ಚಿದಳು. ಅಲ್ಲಿಯವರೆಗೆ ಆ ಮಗುವಿಗೆ ಇದ್ದ ಒಂದೇ ಒಂದು ಅಪಾಯ, ಆಕೆಯ ದೃಷ್ಟಿಯಲ್ಲಿ, ನಾವೇ. ನಾನು ವಿವರಿಸಲು ಹೋದೆ. ವಿವರಣೆ ವಾದವಾಯಿತು. ನಂಬಿಕೆ ಅನ್ನೋದು ಗುಣವೋ ಸೌಕರ್ಯವೋ ಅನ್ನುವಲ್ಲಿಗೆ ಬಂತು. ಆಕೆಯೂ ಬಿಡುವ ಪೈಕಿ ಅಲ್ಲ. ನಮ್ಮ ಆರ್.ಟಿ. ನಗರದಲ್ಲಿ ಒಂದು ಮಗುವಿಗೆ ಬೀದಿ ತುಂಬ ಇಪ್ಪತ್ತು ಅಜ್ಜಿಯರು ಅಂತ ನಾನು ಮುಗಿಸಿದಾಗ ಆಕೆ ಗಾಡಿ ತಳ್ಳಿಕೊಂಡು ಹೊರಟುಬಿಟ್ಟಳು. ಗೆದ್ದ ಖುಷಿಯಲ್ಲಿ ಹೋಟೆಲಿಗೆ ನಡೆದುಬಂದೆ. ಗಂಟೆ ಎರಡೂವರೆ ದಾಟಿತ್ತು.

ಮಾತ್ರೆ ಕೊಡಲಿಲ್ಲ. ಮರೆತೆ ಅಂತಲೂ ಹೊಳೆಯಲಿಲ್ಲ. ಸಂಜೆ ಸಿಸ್ಟರ್ ಫೋನ್ ಮಾಡಿ "ಮಾತ್ರೆ ಆಯ್ತಾ?" ಅಂದಾಗ, ಆಗಿರುತ್ತೆ ಅಂದುಕೊಂಡೇ ಆಯ್ತು ಅಂದೆ.

ಅವತ್ತು ಹೋಟೆಲಿನ ಹುಡುಗಿ ನಮಗೊಂದು ಕಪ್ಪು ಮಿಠಾಯಿ ಕೊಟ್ಟಳು. ಅತಿಮಧುರದ ಬೇರಿನದ್ದಂತೆ, ಆದರೆ ಉಪ್ಪುಪ್ಪು. ನಾನು ಬಾಯಿಗಿಟ್ಟು ಟಿಶ್ಯೂ ಹುಡುಕಿದೆ. ಹೊರಗಿನವರು ಯಾರೂ ಇದನ್ನು ತಿನ್ನಲಾರರು ಅನ್ನೋದು ಅಲ್ಲಿಯವರ ಒಂದು ಹೆಮ್ಮೆ. ಫೂಫು ಒಂದು ತಿಂದರು. ಇನ್ನೊಂದು ತಿಂದರು. ಪೂರ್ತಿ ಪೊಟ್ಟಣ ಮುಗಿಸಿ ಇನ್ನೊಂದು ಕೇಳಿದರು. ಹುಡುಗಿ ಅಡುಗೆಮನೆಯವರನ್ನೆಲ್ಲ ಕರೆದು ತೋರಿಸಿದಳು. ನಾಲ್ಕು ಜನ ನಿಂತು, ನಮ್ಮ ಫೂಫು ಉಪ್ಪಿನ ಮಿಠಾಯಿ ಜಗಿಯೋದನ್ನು ಸಂತೋಷದಿಂದ ನೋಡಿದರು. ನಾನು ಫೋಟೋ ತೆಗೆದೆ.

ಎರಡನೇ ದಿನ: ಸೊನ್ನೆಯಿಂದ ಹತ್ತು

ಅಲ್ಲಿಯ ನರ್ಸುಗಳು ಸುಸ್ತನ್ನು ಅಂಕಿಯಲ್ಲಿ ಕೇಳುತ್ತಾರೆ. ಸೊನ್ನೆ ಅಂದರೆ ಸುಸ್ತೇ ಇಲ್ಲ, ಹತ್ತು ಅಂದರೆ ಏಳಲೂ ಆಗದು. ಹಿಂದಿನ ದಿನ ಸಂಜೆ ಫೂಫುಗೆ ಇದನ್ನು ಹೇಳಿಕೊಟ್ಟಾಗ ಅವರಿಗೆ ತಮಾಷೆ ಅನಿಸಿತ್ತು. "ಇರೋದನ್ನ ಇರೋ ಹಾಗೆ ಹೇಳಿದ್ರೆ ಅವರು ಇನ್ನೂ ಇಳಿಸ್ತಾರೆ. ಅಂಗಡಿಯಲ್ಲಿ ನಾನು ಯಾವತ್ತಾದ್ರೂ ಮೊದಲೇ ನಿಜವಾದ ರೇಟ್ ಹೇಳಿದೀನಾ?" ಅಂದಿದ್ದರು. ಆ ಮಾತು ನನ್ನ ತಲೆಯಲ್ಲಿ ಕೂತಿತ್ತು.

ಬೆಳಿಗ್ಗೆ ಅವರ ಮೂಗು ಕೆಂಪಾಗಿತ್ತು. ತಿಂಡಿ ಬೇಡ ಅಂದರು. ಚಳಿ ಅಂದುಕೊಂಡೆ. ದಾರಿಯಲ್ಲಿ ಒಂದು ಸೈಕಲ್ ಅವರ ಕಾಲಿಗೆ ತಾಗಿಕೊಂಡೇ ಹೋಯಿತು. ಅವರು ಏನೂ ಅನ್ನಲಿಲ್ಲ. ಊರಿನ ಸೌಜನ್ಯ ಅಂಟಿಕೊಂಡಿತು ಅಂತ ನಗುತ್ತಾ ನಡೆದೆ.

ಸಭಾಂಗಣದ ಮುಂದೆ ಒಂದು ಮೇಜು, ಎರಡು ಕುರ್ಚಿ. ಅಲ್ಲಿಯ ಹಿರಿಯ ನರ್ಸ್ ಕಿರ್ಸ್ಟನ್ ತಮ್ಮ ಪದ್ಧತಿಯನ್ನು ಎಲ್ಲರೆದುರು ನಮ್ಮ ಫೂಫು ಮೇಲೆ ಮಾಡಿ ತೋರಿಸಬೇಕಿತ್ತು. ಸಿಸ್ಟರ್ ಎಲ್ಲೋ ಹಿಂದಿನ ಸಾಲಿನಲ್ಲಿದ್ದರು.

"ಇವತ್ತು ನಿಮ್ಮ ಸುಸ್ತು ಎಷ್ಟು?"

ನಾನು ಕನ್ನಡಕ್ಕೆ ತಂದೆ. ಫೂಫು, "ಒಂಬತ್ತು," ಅಂದರು.

ಕಿರ್ಸ್ಟನ್ ಗಾಬರಿಯಾದರು. ಪೆನ್ನು ಕೆಳಗಿಟ್ಟರು. ಮುಂದಿನ ಸಾಲಿನ ಇಬ್ಬರು ನರ್ಸುಗಳು ಅರ್ಧ ಎದ್ದೇಬಿಟ್ಟರು. ಸಭೆ ಕೆಡುತ್ತೆ, ನಮ್ಮ ಕಾಗದ ಕೈತಪ್ಪುತ್ತೆ ಅನಿಸಿತು ನನಗೆ. ಕೈಯೆತ್ತಿ ಎಲ್ಲರನ್ನೂ ತಡೆದೆ. ಆಮೇಲೆ ಇಂಗ್ಲಿಷಿನಲ್ಲಿ, ಮೂರು ನಿಮಿಷ, ನನ್ನ ಜೀವನದಲ್ಲೇ ಅತ್ಯುತ್ತಮವಾದ ವಾದವನ್ನು ಮಂಡಿಸಿದೆ. ನಮ್ಮ ಕಡೆ ಮಾರುಕಟ್ಟೆಯಲ್ಲಿ ಅಂಕಿ ಅನ್ನೋದು ಉತ್ತರವಲ್ಲ, ಮಾತುಕತೆಯ ಆರಂಭ. ಮೂವತ್ತು ವರ್ಷ ಅಂಗಡಿ ನಡೆಸಿದ ಹೆಂಗಸು ಒಂಬತ್ತು ಅಂದರೆ ನೀವು ಮೂರು ಅನ್ನಬೇಕು, ಐದಕ್ಕೆ ಕುದುರಬೇಕು. ನಿಮ್ಮ ಅಳತೆಗೋಲೇ ನಿಮ್ಮ ಊರಿನ ಪೂರ್ವಗ್ರಹ. ಸಭೆ ನಕ್ಕಿತು, ಒಬ್ಬರು ಬರೆದುಕೊಂಡರು ಕೂಡ. ಕಿರ್ಸ್ಟನ್ ನಾಚಿಕೆಯಿಂದ ಕ್ಷಮೆ ಕೇಳಿ ಐದು ಅಂತ ನಮೂದಿಸಿದರು.

ಫೂಫು ಏನೋ ಹೇಳಲು ಬಾಯಿ ತೆರೆದವರು ಮೇಜಿನ ಮೇಲೆ ಕೈಯೂರಿ ಎದ್ದರು. ಕುರ್ಚಿಯನ್ನು ಹಿಡಿಯಲು ಹೋಗಿ ಸಿಗದೆ, ನಿಧಾನಕ್ಕೆ, ಬಟ್ಟೆಯ ಥಾನು ಜಾರಿದ ಹಾಗೆ, ನೆಲಕ್ಕೆ ಇಳಿದರು.

ಹಿಂದಿನಿಂದ ಮಂಡಿನೋವಿನ ಹೆಂಗಸು ಅಷ್ಟು ಬೇಗ ಬಂದದ್ದು ಹೇಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಿಸ್ಟರ್ ನೆಲದ ಮೇಲೆ ಕೂತು ಫೂಫುವಿನ ತಲೆಯನ್ನು ತೊಡೆಗೆ ಎಳೆದುಕೊಂಡರು. ಅಂಕಿ ಕೇಳಲಿಲ್ಲ.

"ಶಮೀಮಮ್ಮ, ನೆನ್ನೆ ಏನ್ ತಿಂದ್ರಿ?"

ಫೂಫು ಕಣ್ಣು ಬಿಡದೆ, "ಉಪ್ಪಿನ ಮಿಠಾಯಿ. ಎರಡು ಪೊಟ್ಟಣ."

"ಯಾರಿಗೆ ಬೈದ್ರಿ?"

"ಯಾರಿಗೂ ಇಲ್ಲ."

"ಬೆಳಿಗ್ಗೆ ಮಾತ್ರೆ?"

"ತಗೊಂಡೆ. ವಾಂತಿ ಆಯ್ತು."

ಸಿಸ್ಟರ್ ಆಗಲೇ ಡಬ್ಬಿ ತೆಗೆದಿದ್ದರು. ಸಲ್ವಾರಿನ ಮೇಲೆಯೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಆಮೇಲೆ ನನ್ನನ್ನು ನೋಡಿದರು. "ನೆನ್ನೆ ಮದ್ಯಾನದ್ದು ಕೊಟ್ಯಾ?"

ಇಂಥ ಪ್ರಶ್ನೆಗೆ ಪರ ವಿರೋಧ ಅಂತ ಇರೋದಿಲ್ಲ. "ಇಲ್ಲ," ಅಂದೆ.

ಮೂರನೇ ದಿನ: ಆಸ್ಪತ್ರೆ, ಆಮೇಲೆ ಸಭೆ

ಸಲೈನ್ ಹತ್ತಿಸಿ ಒಂದು ದಿನ ಇಟ್ಟುಕೊಂಡರು. ಬೆಳಿಗ್ಗೆ ನಾನು ಹೋದಾಗ ಫೂಫು ದಿಂಬಿಗೆ ಒರಗಿ ಕೂತು, ಕಾಫಿ ನೀರಾಗಿದೆ ಅಂತ ಯಾರಿಗೋ ಬೈಯುತ್ತಿದ್ದರು. ಸಿಸ್ಟರ್ ಪಕ್ಕದಲ್ಲಿ ಕೂತು ಆ ಬೈಗುಳವನ್ನು ಸಂಗೀತದಂತೆ ಕೇಳುತ್ತಿದ್ದರು.

"ವಾಂತಿ ಆಗಿದ್ದು ನಂಗ್ಯಾಕೆ ಹೇಳ್ಲಿಲ್ಲ?" ಅಂದೆ.

"ಯಾರಾದ್ರೂ ಕೇಳಿದ್ರಾ? ಎಲ್ಲರೂ ನಂಬರ್ ಕೇಳಿದ್ರು. ನಂಬರ್ ಹೇಳ್ದೆ." ಕಾಫಿ ಲೋಟ ಕೆಳಗಿಟ್ಟರು. "ಒಂಬತ್ತು ಇತ್ತು, ಒಂಬತ್ತು ಅಂದೆ. ನೀನು ಐದಕ್ಕೆ ಮಾರ್ದೆ."

"ನೀವೇ ಹೇಳಿದ್ರಲ್ಲ, ನಿಜವಾದ ರೇಟ್ ಹೇಳಲ್ಲ ಅಂತ."

"ಗಿರಾಕಿಗೆ ಹೇಳಲ್ಲ. ನೀನು ಗಿರಾಕೀನಾ?"

ಸಿಸ್ಟರ್ ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು. ಬದಲಿಗೆ ನನಗೆ ಕೊಟ್ಟಿದ್ದ ಮಾತ್ರೆ ಡಬ್ಬಿಯನ್ನು ತಿರುಗಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಕಿರ್ಸ್ಟನ್ ಬಂದರು. ಉಪ್ಪಿನ ಮಿಠಾಯಿಯಿಂದ ಸಿಸ್ಟರಿಗೆ ರೋಗ ಹೇಗೆ ಗೊತ್ತಾಯಿತು ಅನ್ನೋದು ಅವರ ಊರಿನ ನರ್ಸುಗಳಿಗೆಲ್ಲ ತಿಳಿಯಬೇಕಿತ್ತಂತೆ. ಮಧ್ಯಾಹ್ನದ ಸಭೆಯಲ್ಲಿ ಸಿಸ್ಟರ್ ಭಾಷಣ ಮಾಡಬೇಕಿತ್ತು. ಮೈಕ್ ಕಂಡಿದ್ದೇ ಸಿಸ್ಟರಿನ ಬಾಯಿ ಕಟ್ಟಿತು. ಅವರ ಬದಲು ಗಾಲಿಕುರ್ಚಿಯಲ್ಲಿ ಕೂತೇ ಫೂಫು ಮಾತಾಡಿದರು. ಈ ಸಲ ಕುರ್ಚಿ ಅವರದೇ.

"ಬ್ಯಾಲಿಸ್ಟರ್, ನಾನು ಹೇಳಿದಷ್ಟೇ ಹೇಳು. ಒಂದು ಮಾತು ಹೆಚ್ಚಿಗೆ ನಕ್ಕೋ," ಅಂತ ಮೊದಲೇ ತಾಕೀತು ಮಾಡಿದರು.

ಸಾರಿನ ಬಗ್ಗೆ, ಬೈಗುಳದ ಬಗ್ಗೆ, ಶಾಲೆಗೆ ರಜೆ ಬಂದಾಗ ತಾನೇ ಗಂಟೆಯಾಗಿ ರಿಂಗಾಗುವ ಸಿಸ್ಟರ್ ಬಗ್ಗೆ ಫೂಫು ಹೇಳುತ್ತಾ ಹೋದರು. ನಾನು ಅಕ್ಷರಕ್ಕೆ ಅಕ್ಷರ ಇಂಗ್ಲಿಷಿಗೆ ಇಟ್ಟೆ. ಕೊನೆಯಲ್ಲಿ ಮಾತ್ರ ತಡೆಯಲಾಗಲಿಲ್ಲ. ಒಂದೇ ಒಂದು ವಾಕ್ಯ ನನ್ನದು ಸೇರಿಸಿದೆ: "ಇಂಥವರನ್ನು ನಮ್ಮ ಆಸ್ಪತ್ರೆ ಟೋಕನ್ ಕೊಡಲು ಕೂರಿಸುತ್ತಿದೆ." ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಿಸ್ಟರ್ ತಲೆಯೆತ್ತಲಿಲ್ಲ. ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಹುಡುಕುವವರ ಹಾಗೆ ನೆಲ ನೋಡುತ್ತಿದ್ದರು.

ಸಂಜೆ ಕಿರ್ಸ್ಟನ್ ಒಂದು ಲಕೋಟೆ ಕೊಟ್ಟರು. ದಪ್ಪ ಕಾಗದ, ಆಸ್ಪತ್ರೆಯ ಮೊಹರು, ಎರಡು ಸಹಿ. ಇಷ್ಟಕ್ಕೇ ಅಲ್ಲವೇ ಏಳು ಸಮುದ್ರ ದಾಟಿ ಬಂದದ್ದು. ಜೋರಾಗಿ ಓದಲು ಶುರುಮಾಡಿ ಎರಡನೇ ಸಾಲಿಗೆ ನಿಲ್ಲಿಸಿದೆ. ಅದು ಪ್ರಶಂಸಾಪತ್ರವಾಗಿರಲಿಲ್ಲ. ಕೆಲಸದ ಆಹ್ವಾನ. ಭಾಷೆ ಕಲಿಸುತ್ತಾರೆ, ಮನೆ ಕೊಡುತ್ತಾರೆ, ಮಂಡಿಗೆ ಚಿಕಿತ್ಸೆ ಕೊಡಿಸುತ್ತಾರೆ. "ನಾವು ಇವರನ್ನು ಟೋಕನ್ ಕೌಂಟರಿನಲ್ಲಿ ಕೂರಿಸುವುದಿಲ್ಲ," ಅಂತ ಕಿರ್ಸ್ಟನ್ ನನಗೆ ಮಾತು ಕೊಡುವವರಂತೆ ಹೇಳಿದರು.

"ಏನಂತೆ?" ಅಂದರು ಸಿಸ್ಟರ್.

ಹೇಳಿದೆ. ಒಂದು ಮಾತು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಿಸ್ಟರ್ ಲಕೋಟೆ ಇಸಿದುಕೊಂಡು ಮಡಿಸದೆ, ನೋಟ್‌ಬುಕ್ಕಿನ ನಡುವೆ ಇಟ್ಟರು.

ಹೆಬ್ಬಾಳ

ವಾಪಸ್ ಬಂದಿದ್ದು ಒಂದು ಗುರುವಾರ ಬೆಳಿಗ್ಗೆ. ಯಲಹಂಕ ದಾಟುವವರೆಗೆ ಟ್ಯಾಕ್ಸಿ ಸಲೀಸಾಗಿ ಬಂತು. ಹೆಬ್ಬಾಳದ ಮೇಲ್ಸೇತುವೆ ಏರಿದ ಮೇಲೆ ಎಲ್ಲರ ಹಾಗೆ ನಾವೂ ನಿಂತೆವು. ಸುತ್ತ ಹಾರ್ನುಗಳು. ಫೂಫು ಗಾಜು ಇಳಿಸಿ, ಪಕ್ಕದ ಆಟೋದವನು ತೀರಾ ಹತ್ತಿರ ಬಂದ ಅಂತ ಎರಡು ಮಾತು ಬೈದು, ಮತ್ತೆ ಗಾಜು ಏರಿಸಿದರು.

ಸಿಸ್ಟರ್ ಫೋನ್ ತೆಗೆದರು. ಯಶವಂತಪುರದಲ್ಲಿ ಈರುಳ್ಳಿ ಮಂಡಿ ನಡೆಸುವ ಒಬ್ಬರು ಅವರ ಪಟ್ಟಿಯಲ್ಲಿ ಮೊದಲಿನವರು.

"ಏನ್ ಸಾರು ಇವತ್ತು? ... ಬಸ್ಸಾರಾ? ಮುದ್ದೆ ಎಷ್ಟ್ ಓಯ್ತು? ... ಅರ್ಧಾನಾ? ಯಾಕೆ ಅರ್ಧ? ಕಾಲು ಊದಿದ್ಯಾ, ಬೆರಳಲ್ಲಿ ಒತ್ತಿ ನೋಡಿ. ಊಂ, ಈಗ್ಲೇ. ನಾನು ಕಾಯ್ತೀನಿ."

ಅವರು ಕಾಯುತ್ತಿದ್ದಾಗ ನನ್ನ ತಲೆಯಲ್ಲಿ ಎರಡೂ ಕಡೆಯ ವಾದ ಸಿದ್ಧವಾಗಿತ್ತು. ಹೋಗಲಿ ಅನ್ನೋದಕ್ಕೆ ಕಾರಣ ಬೇಕಾದಷ್ಟಿದ್ದವು: ಮಂಡಿನೋವಿಗೆ ಚಿಕಿತ್ಸೆ, ಮರ್ಯಾದೆ, ಅವರನ್ನು ಬೇಡ ಅಂದ ಆಸ್ಪತ್ರೆ. ಇರಲಿ ಅನ್ನೋದಕ್ಕೆ ನಲವತ್ತು ಚಿಲ್ಲರೆ ಕಾರಣ ಆ ನೋಟ್‌ಬುಕ್ಕಿನಲ್ಲೇ ಇದ್ದವು. ಎರಡರಲ್ಲೂ ಗೆಲ್ಲಬಲ್ಲೆ. ಬಾಯಿ ತೆರೆದೆ. ಫೂಫು ನನ್ನ ಮೊಣಕೈಯನ್ನು ಒತ್ತಿ ಹಿಡಿದರು.

ಈರುಳ್ಳಿ ಮಂಡಿಯವರು ಕಾಲು ಊದಿಲ್ಲ ಅಂದಿರಬೇಕು. ಸಿಸ್ಟರ್ ಏನೋ ಗುರುತು ಹಾಕಿಕೊಂಡು, ಮುಂದಿನ ಹೆಸರಿಗೆ ಪುಟ ತಿರುಗಿಸಿದರು. ಲಕೋಟೆ ಜಾರಿ ಕೆಳಗೆ ಬಿತ್ತು. ಫೂಫು ಬಗ್ಗಿ ಎತ್ತಿಕೊಂಡರು, ಧೂಳು ಒರೆಸಿದರು, ಸಿಸ್ಟರ್ ಮಡಿಲಲ್ಲಿಟ್ಟರು.

"ಮುನಿರತ್ನಮ್ಮ, ಹೋಗ್ಬೇಡಿ ಅಂತ ನಾನು ಹೇಳಲ್ಲ. ಒಂದು ಮಾತು ಕೇಳ್ತೀನಿ, ಅಷ್ಟೇ. ಹೋಗೋದಾದ್ರೆ ನಮಗೆ ಮೊದಲೇ ಹೇಳ್ತೀರೋ, ಇಲ್ಲ ಒಂದು ಗುರುವಾರ ಸುಮ್ನೆ ಫೋನ್ ಬರಲ್ವೋ?"